ಹಳೆಯ ರಿಮೋಟ್ ಟ್ರಕ್ಕಿಗೆ ಹೊಸ ಬಿಡಿಭಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

1980ರ ದಶಕದ ರೇಡಿಯೋ ಕಂಟ್ರೋಲ್ ಟ್ರಕ್ಕುಗಳನ್ನು ರಿಪೇರಿ ಮಾಡಿ ಮತ್ತೆ ಓಡಿಸಲು ಹೊರಟವರಿಂದ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಇಲ್ಲಿ ಆರಿಸಿಕೊಂಡಿದ್ದೇವೆ. ಬೇರೆ ತಯಾರಕರ ಬಿಡಿಭಾಗಗಳನ್ನು ಯಾವುದಕ್ಕೆ, ಯಾವ ಕ್ರಮದಲ್ಲಿ ಹಾಕಬೇಕು ಎನ್ನುವುದೇ ಹೆಚ್ಚಿನವರ ಗೊಂದಲ.

ಪ್ರಶ್ನೆ: 1986ರ ಟಮಿಯಾ (ಜಪಾನಿನ ಕಂಪನಿ) ಬ್ಲ್ಯಾಕ್‌ಫುಟ್ ಟ್ರಕ್ಕು ಸಿಕ್ಕಿದೆ. ಇದಕ್ಕೆ ಪೂರ್ತಿ ಅಲ್ಯೂಮಿನಿಯಂ ಸೆಟ್ಟು ಮಾರುತ್ತಿದ್ದಾರೆ. ಸಸ್ಪೆನ್ಷನ್ ತೋಳು, ನಕಲ್ (ತೋಳಿನ ತುದಿಯಲ್ಲಿ ಚಕ್ರ ಹಿಡಿಯುವ ತುಂಡು), ಶಾಕ್, ಬಂಪರ್ ಎಲ್ಲವೂ ಅದರಲ್ಲಿವೆ. ಒಂದೇ ಸಲಕ್ಕೆ ಹಾಕಿಬಿಡಲೇ?

ಉತ್ತರ: ದಯವಿಟ್ಟು ಬೇಡ. ಟ್ರಕ್ಕು ಕಲ್ಲಿಗೆ ಗುದ್ದಿದಾಗ ಆ ಪೆಟ್ಟು ಎಲ್ಲಾದರೂ ಹೋಗಲೇಬೇಕು. ಮೂಲ ಪ್ಲಾಸ್ಟಿಕ್ ತೋಳು ಸ್ವಲ್ಪ ಬಾಗಿ ಆ ಪೆಟ್ಟನ್ನು ತಾನೇ ನುಂಗುತ್ತದೆ, ತೀರಾ ಜೋರಾದರೆ ತಾನು ಮುರಿಯುತ್ತದೆ. ಅದರ ಜಾಗದಲ್ಲಿ ಅಲ್ಯೂಮಿನಿಯಂ ತೋಳು ಕೂರಿಸಿದರೆ ಅದು ಬಾಗುವುದಿಲ್ಲ. ಪೆಟ್ಟು ನೇರವಾಗಿ ತೋಳು ಕಚ್ಚಿಕೊಂಡಿರುವ ಚಾಸಿಯ ಬುಡಕ್ಕೆ ಹೋಗುತ್ತದೆ. ಆ ಚಾಸಿಯಾದರೋ ಸುಮಾರು 40 ವರ್ಷದ ಹಳೆಯ ಪ್ಲಾಸ್ಟಿಕ್, ಸ್ಕ್ರೂ ತೂತಿನ ಸುತ್ತ ಆಗಲೇ ಕೂದಲೆಳೆಯ ಬಿರುಕು ಬಿಟ್ಟಿರಬಹುದು. ತೋಳು ಸುಲಭವಾಗಿ ಸಿಗುತ್ತದೆ, ಒಳ್ಳೆಯ ಹಳೆಯ ಚಾಸಿ ಹಾಗೆ ಸಿಗುವುದಿಲ್ಲ.

ಆದ್ದರಿಂದ ಹೀಗೆ ಯೋಚಿಸಿ: ಉಜ್ಜಿ ಸವೆಯುವ ಕಡೆ ಲೋಹ, ಪೆಟ್ಟು ತಿನ್ನುವ ಕಡೆ ಪ್ಲಾಸ್ಟಿಕ್. ಬೇರಿಂಗ್, ಡ್ರೈವ್ ಶಾಫ್ಟು, ಅದು ಕೂರುವ ಗುಳಿಯ ತುಂಡು (ಕಪ್), ಪಿನಿಯನ್ (ಮೋಟಾರಿನ ಶಾಫ್ಟಿನ ಚಿಕ್ಕ ಗೇರು), ಕಿಂಗ್‌ಪಿನ್ನು (ಮುಂಚಕ್ರ ಅತ್ತಿತ್ತ ತಿರುಗುವ ಪಿನ್ನು) ಇವು ಸವೆಯುವ ಭಾಗಗಳು, ಇಲ್ಲಿ ಉಕ್ಕು ಹಾಕಿದರೆ ಲಾಭ. ತೋಳು, ಬಂಪರ್, ಶಾಕ್ ಹಿಡಿಯುವ ಕಂಬ ಪೆಟ್ಟು ತಿನ್ನುವ ಭಾಗಗಳು. ಇವು ಮುರಿದಿದ್ದರೆ ಹೊಸ ನೈಲಾನ್ ಭಾಗ ಹಾಕಿ. ಕಪಾಟಿನಲ್ಲಿ ಇಟ್ಟು ನೋಡುವ ಟ್ರಕ್ಕಾದರೆ ಅಲ್ಯೂಮಿನಿಯಂ ಬೇಕಾದಷ್ಟು ಹಾಕಬಹುದು, ಯಾರ ಅಡ್ಡಿಯೂ ಇಲ್ಲ.

ಬ್ಲ್ಯಾಕ್‌ಫುಟ್‌ನಲ್ಲಿ ಮೊದಲು ನೋಡಬೇಕಾದ ಜಾಗ ಹಿಂದಿನ ಡ್ರೈವ್ ಶಾಫ್ಟುಗಳ ತುದಿ. 1983ರ ಫ್ರಾಗ್ ಬಗ್ಗಿಯ ಗೇರ್‌ಬಾಕ್ಸೇ ಇದರಲ್ಲೂ ಇರುವುದು. ಶಾಫ್ಟಿನ ತುದಿಯಲ್ಲಿ ಆರು ಮುಖದ ಗುಂಡು, ಅದು ಆರು ಮುಖದ ಗುಳಿಯೊಳಗೆ ಕೂತು ತಿರುಗುತ್ತದೆ. ಮೂಲೆಗಳು ಸವೆದು ದುಂಡಗಾದರೆ ಮೋಟಾರು ಕಿರುಚುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. ಅನೇಕರು ಗೇರು ಹೋಗಿದೆ ಎಂದುಕೊಂಡು ಗೇರ್‌ಬಾಕ್ಸನ್ನೇ ಬಿಚ್ಚುವುದು ಇಲ್ಲಿ. ಒಂದು ಚಕ್ರವನ್ನು ಗಟ್ಟಿಯಾಗಿ ಹಿಡಿದು, ಅದೇ ಕಡೆಯ ಶಾಫ್ಟನ್ನು ಬೆರಳಿನಿಂದ ತಿರುಗಿಸಿ ನೋಡಿ. ಶಾಫ್ಟು ಗುಳಿಯೊಳಗೆ ಕಾಲು ಸುತ್ತು ಜಾರಿದರೆ ರೋಗ ಅದೇ. ಹೊಸದನ್ನು ಕೊಳ್ಳುವಾಗ ಶಾಫ್ಟು ಮತ್ತು ಎರಡೂ ತುದಿಯ ಕಪ್ಪುಗಳು ಒಂದೇ ಸೆಟ್ಟಿನಲ್ಲಿ ಇರಬೇಕು. ಅಡ್ಡಪಿನ್ನಿನ ಶಾಫ್ಟು ಆರು ಮುಖದ ಗುಳಿಯಲ್ಲಿ ಕೂರುವುದಿಲ್ಲ. ಸವೆದ ಗುಳಿಗೆ ಹೊಸ ಶಾಫ್ಟು ಹಾಕಿದರೆ ಹೊಸದೂ ಬೇಗ ಸವೆಯುತ್ತದೆ.

ಇದೇ ಟ್ರಕ್ಕನ್ನು ಟಮಿಯಾ 2016ರಲ್ಲಿ ಮತ್ತೆ ಬಿಡುಗಡೆ ಮಾಡಿದೆ, ಅದೇ ಬಳಗದ ಮಾನ್ಸ್ಟರ್ ಬೀಟಲ್ ಅದಕ್ಕೂ ಮೊದಲು 2015ರಲ್ಲಿ ಬಂತು. ಹೊರನೋಟಕ್ಕೆ ಒಂದೇ ಆದರೂ ಮರುಬಿಡುಗಡೆಯ ಎಲ್ಲ ಭಾಗವೂ ಹಳೆಯದಕ್ಕೆ ಕೂರುತ್ತದೆ ಎಂದು ತಿಳಿಯಬೇಡಿ. ಹೆಸರು ನೋಡಿ ಕೊಳ್ಳುವ ಬದಲು ವರ್ನಿಯರ್ ಕ್ಯಾಲಿಪರ್ ಹಿಡಿದು ಅಳತೆ ನೋಡಿ ಕೊಳ್ಳಿ.

ಪ್ರಶ್ನೆ: ಬುಷ್ (ಶಾಫ್ಟು ತಿರುಗುವ ಪ್ಲಾಸ್ಟಿಕ್ ಉಂಗುರ) ತೆಗೆದು ಬಾಲ್ ಬೇರಿಂಗ್ ಹಾಕುವುದು ನಿಜಕ್ಕೂ ಅಷ್ಟು ಮುಖ್ಯವೇ? ಹಾಕಿದ ಮೇಲೆ ನನ್ನ ಗೇರ್‌ಬಾಕ್ಸು ಮೊದಲಿಗಿಂತ ಬಿಗಿಯಾಗಿದೆ.

ಉತ್ತರ: ಒಂದೇ ಒಂದು ಬಿಡಿಭಾಗ ಕೊಳ್ಳುವಷ್ಟು ಹಣವಿದ್ದರೆ ಅದು ಬೇರಿಂಗ್ ಆಗಿರಲಿ. ಪ್ಲಾಸ್ಟಿಕ್ ಬುಷ್ ಸವೆದಂತೆ ಶಾಫ್ಟು ಓಲಾಡುತ್ತದೆ, ಗೇರಿನ ಹಲ್ಲುಗಳ ನಡುವಿನ ದೂರ ಹೆಚ್ಚುಕಡಿಮೆಯಾಗುತ್ತದೆ, ಹಲ್ಲು ತಿನ್ನಿಸಿಕೊಳ್ಳುತ್ತದೆ. ಬೇರಿಂಗ್ ಹಾಕಿದರೆ ಆ ಸರಣಿಯೇ ನಿಲ್ಲುತ್ತದೆ.

ಈ ಟ್ರಕ್ಕುಗಳಲ್ಲಿ ಹೆಚ್ಚಾಗಿ ಕಾಣುವ ಅಳತೆ 1150. ಎಂದರೆ ಹೊರ ವ್ಯಾಸ 11 ಮಿ.ಮೀ., ಒಳ ವ್ಯಾಸ 5 ಮಿ.ಮೀ., ದಪ್ಪ 4 ಮಿ.ಮೀ. 1050 ಎಂದರೆ 10, 5, 4. 850 ಎಂದರೆ 8, 5, 2.5. ಪ್ರತಿ ಬುಷ್ಷನ್ನು ತೆಗೆದು ಅಳೆದು ಪಟ್ಟಿ ಮಾಡಿಕೊಂಡ ಮೇಲೆಯೇ ಸೆಟ್ಟು ಕೊಳ್ಳಿ. ಚಕ್ರಗಳಿಗೆ ರಬ್ಬರ್ ಸೀಲಿನವು ಇರಲಿ, ಮಣ್ಣು ಒಳಗೆ ಹೋಗುವುದಿಲ್ಲ. ಗೇರ್‌ಬಾಕ್ಸಿನ ಒಳಗೆ ಲೋಹದ ಮುಚ್ಚಳದವು ಸಾಕು.

ಬಿಗಿಯಾಗಲು ಸಾಮಾನ್ಯವಾಗಿ ಎರಡು ಕಾರಣ. ಹಳೆಯ ಗುಳಿಯ ತಳದಲ್ಲಿ ಗಟ್ಟಿಯಾದ ಗ್ರೀಸು ಅಥವಾ ಪ್ಲಾಸ್ಟಿಕ್ ಚೂರು ಉಳಿದು ಬೇರಿಂಗ್ ಪೂರ್ತಿ ಕೂತಿರುವುದಿಲ್ಲ. ಇಲ್ಲವೇ ಬುಷ್ ಇದ್ದಾಗ ಹಾಕಿದ್ದ ವಾಷರ್‌ಗಳನ್ನೆಲ್ಲ ಹಾಗೆಯೇ ಬಿಟ್ಟಿರುತ್ತೀರಿ, ಎರಡು ಭಾಗ ಸೇರಿಸಿ ಸ್ಕ್ರೂ ಬಿಗಿದಾಗ ಅವು ಬೇರಿಂಗನ್ನು ಪಕ್ಕದಿಂದ ಒತ್ತುತ್ತವೆ. ಮೋಟಾರು ಹಾಕದೆ ಗೇರ್‌ಬಾಕ್ಸು ಜೋಡಿಸಿ, ಒಂದೊಂದೇ ಸ್ಕ್ರೂ ಬಿಗಿಯುತ್ತಾ ಕೈಯಲ್ಲಿ ತಿರುಗಿಸಿ ನೋಡಿ. ಯಾವ ಸ್ಕ್ರೂ ಬಿಗಿದಾಗ ತಿರುಗುವುದು ಭಾರವಾಗುತ್ತದೋ ಅದರ ಹತ್ತಿರದ ಶಾಫ್ಟಿನಿಂದ 0.1 ಅಥವಾ 0.2 ಮಿ.ಮೀ. ಷಿಮ್ (ತೆಳು ವಾಷರ್) ತೆಗೆಯಿರಿ. ಶಾಫ್ಟನ್ನು ಉದ್ದಕ್ಕೆ ಎಳೆದಾಗ ಕಣ್ಣಿಗೆ ಕಂಡೂ ಕಾಣದಷ್ಟು ಅಲ್ಲಾಟ ಇರಬೇಕು. ಪೂರ್ತಿ ನಿಲ್ಲಿಸಬಾರದು.

ಪ್ರಶ್ನೆ: ಮೂಲ 540 ಅಳತೆಯ ಬ್ರಷ್ ಮೋಟಾರು ತೆಗೆದು ಬ್ರಷ್‌ಲೆಸ್ (ಒಳಗೆ ಬ್ರಷ್ ಇಲ್ಲದ) ಮೋಟಾರು ಹಾಕಿ, ಹೊಸ ಉಕ್ಕಿನ ಪಿನಿಯನ್ ಕೂರಿಸಿದೆ. ಎರಡೇ ಓಟಕ್ಕೆ ದೊಡ್ಡ ಗೇರಿನ ಹಲ್ಲುಗಳು ಹೋದವು. ಮೋಟಾರಿನ ಶಕ್ತಿ ಜಾಸ್ತಿಯಾಯಿತೇ?

ಉತ್ತರ: ಶಕ್ತಿಯೂ ಕಾರಣವಿರಬಹುದು. ಆದರೆ ಎರಡೇ ಓಟಕ್ಕೆ ಹಲ್ಲು ಹೋದರೆ ಮೊದಲು ಅನುಮಾನಿಸಬೇಕಾದದ್ದು ಹಲ್ಲಿನ ಅಳತೆಯನ್ನು. ಹಲ್ಲಿನ ಗಾತ್ರವನ್ನು ಮಿ.ಮೀ. ಲೆಕ್ಕದಲ್ಲಿ ಮಾಡ್ಯೂಲ್, ಇಂಚಿನ ಲೆಕ್ಕದಲ್ಲಿ ಪಿಚ್ ಎನ್ನುತ್ತಾರೆ. ಆ ಕಾಲದ ಟಮಿಯಾ ಟ್ರಕ್ಕುಗಳಲ್ಲಿ 0.8 ಮಾಡ್ಯೂಲ್ ಹಾಗೂ 0.6 ಮಾಡ್ಯೂಲ್ ಎರಡೂ ಇವೆ. ಇಂದು ಸುಲಭವಾಗಿ ಸಿಗುವ ಪಿನಿಯನ್‌ಗಳು 32 ಪಿಚ್ ಮತ್ತು 48 ಪಿಚ್. ಒಂದು ಹಲ್ಲಿನಿಂದ ಇನ್ನೊಂದು ಹಲ್ಲಿಗೆ ಇರುವ ದೂರ 0.8 ಮಾಡ್ಯೂಲಿನಲ್ಲಿ ಸುಮಾರು 2.51 ಮಿ.ಮೀ., 32 ಪಿಚ್‌ನಲ್ಲಿ 2.49. ಇವೆರಡೂ ಒಂದಕ್ಕೊಂದು ಹೊಂದಿಕೊಂಡು ಓಡುತ್ತವೆ. 0.6 ಮಾಡ್ಯೂಲಿನಲ್ಲಿ ಅದು 1.88, 48 ಪಿಚ್‌ನಲ್ಲಿ 1.66. ಕೈಯಲ್ಲಿ ಹಿಡಿದು ಸೇರಿಸಿದಾಗ ಇವೂ ಕಚ್ಚಿಕೊಂಡಂತೆ ಕಾಣುತ್ತವೆ. ಓಡಿಸಿದರೆ ಉಕ್ಕಿನ ಹಲ್ಲು ಪ್ಲಾಸ್ಟಿಕ್ ಹಲ್ಲಿನ ತುದಿಯನ್ನು ಕೆತ್ತುತ್ತಾ ಹೋಗುತ್ತದೆ. ಗೇರ್‌ಬಾಕ್ಸು ತೆರೆದಾಗ ಗ್ರೀಸಿನಲ್ಲಿ ಬಿಳಿ ಪುಡಿ ಬೆರೆತಿದ್ದರೆ ಇದೇ ನಡೆದಿದೆ.

ಅಳೆಯುವುದು ಕಷ್ಟವಲ್ಲ. ಪಿನಿಯನ್ನಿನ ಹೊರ ವ್ಯಾಸವನ್ನು ಮಿ.ಮೀ.ನಲ್ಲಿ ಅಳೆದು, ಹಲ್ಲುಗಳ ಸಂಖ್ಯೆಗೆ 2 ಸೇರಿಸಿ ಅದರಿಂದ ಭಾಗಿಸಿ. 18 ಹಲ್ಲಿನ ಪಿನಿಯನ್ 16 ಮಿ.ಮೀ. ಇದ್ದರೆ 16 ಭಾಗಿಸು 20, ಎಂದರೆ 0.8 ಮಾಡ್ಯೂಲ್. ಅದೇ 12 ಮಿ.ಮೀ. ಇದ್ದರೆ 0.6. ಸುಮಾರು 10.6 ಬಂದರೆ ಅದು 48 ಪಿಚ್.

ಎರಡನೆಯದು ದೂರದ ಲೆಕ್ಕ. ಹಳೆಯ ಗೇರ್‌ಬಾಕ್ಸುಗಳಲ್ಲಿ ಅನೇಕವು ಮೋಟಾರನ್ನು ಒಂದೇ ಜಾಗದಲ್ಲಿ ಹಿಡಿದಿಡುತ್ತವೆ, ಇಂದಿನಂತೆ ಜಾರಿಸಿ ಹೊಂದಿಸುವ ಉದ್ದನೆಯ ತೂತು ಇರುವುದಿಲ್ಲ. ಪಿನಿಯನ್‌ಗೆ ಒಂದು ಹಲ್ಲು ಹೆಚ್ಚಾದರೆ 0.8 ಮಾಡ್ಯೂಲಿನಲ್ಲಿ ಮೋಟಾರು 0.4 ಮಿ.ಮೀ. ದೂರ ಸರಿಯಬೇಕು, 0.6ರಲ್ಲಿ 0.3 ಮಿ.ಮೀ. ಸರಿಯಲು ಜಾಗವಿಲ್ಲದ ಕಡೆ ದೊಡ್ಡ ಪಿನಿಯನ್ ಒತ್ತಿ ಕೂರಿಸಿದರೆ ಬೇರಿಂಗೂ ಹಾಳು, ಹಲ್ಲೂ ಹಾಳು. ಚಿಕ್ಕ ಪಿನಿಯನ್ ಹಾಕಿದರೆ ಹಲ್ಲುಗಳ ತುದಿ ಮಾತ್ರ ತಾಗಿ ಮುರಿಯುತ್ತದೆ. ಅಂಥ ಗೇರ್‌ಬಾಕ್ಸಿಗೆ ಕೈಪಿಡಿ ಹೇಳಿದ ಹಲ್ಲಿನ ಪಿನಿಯನ್ ಬಿಟ್ಟು ಬೇರೆ ಹಾಕಬೇಡಿ. ಹೊಂದಿಸಲು ಬರುವ ಕಡೆ, ತೆಳ್ಳಗಿನ ಕಾಗದದ ಪಟ್ಟಿಯನ್ನು ಎರಡು ಗೇರಿನ ನಡುವೆ ತೂರಿಸಿ, ಮೋಟಾರನ್ನು ಒತ್ತಿ ಹಿಡಿದು ಸ್ಕ್ರೂ ಬಿಗಿದು, ಕಾಗದವನ್ನು ತಿರುಗಿಸಿ ಹೊರತೆಗೆಯಿರಿ. ಕಾಗದ ನೆರಿಗೆ ನೆರಿಗೆಯಾಗಿ ಹರಿಯದೆ ಬಂದರೆ ಅಂತರ ಸರಿ. ದೊಡ್ಡ ಗೇರನ್ನು ಒಂದು ಪೂರ್ತಿ ಸುತ್ತು ತಿರುಗಿಸಿ ನೋಡಿ, ಹಳೆಯ ಗೇರು ಸ್ವಲ್ಪ ಅಂಡಾಕಾರಕ್ಕೆ ತಿರುಗಿರಬಹುದು. ಅತಿ ಬಿಗಿಯಾದ ಜಾಗದಲ್ಲಿ ನಿಲ್ಲಿಸಿ ಅಂತರ ಹೊಂದಿಸಬೇಕು.

ಪಿನಿಯನ್ ತಿರುಪನ್ನು ಮೋಟಾರ್ ಶಾಫ್ಟಿನ ಚಪ್ಪಟೆ ಭಾಗದ ಮೇಲೆಯೇ ಕೂರಿಸಿ, ಒಂದು ಹನಿ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ಶಾಫ್ಟು 3.17 ಮಿ.ಮೀ. ಇರುತ್ತದೆ. ಮೋಟಾರು ಹಿಡಿಯುವ ಸ್ಕ್ರೂ ತೂತುಗಳು 25 ಮಿ.ಮೀ. ಅಂತರದಲ್ಲಿ, 3 ಮಿ.ಮೀ. ಥ್ರೆಡ್. ಇಲ್ಲೊಂದು ಜಾಗ್ರತೆ ಬೇಕು: ಬ್ರಷ್‌ಲೆಸ್ ಮೋಟಾರಿಗೆ ಉದ್ದ ಸ್ಕ್ರೂ ಹಾಕಿದರೆ ಅದರ ತುದಿ ಒಳಗಿನ ತಂತಿ ಸುರುಳಿಗೆ ತಾಗಿ ಮೋಟಾರು ಸುಡುತ್ತದೆ. ಮೋಟಾರಿನ ಮುಖದಿಂದ ಒಳಗೆ 3 ಮಿ.ಮೀ.ಗಿಂತ ಹೆಚ್ಚು ಹೋಗದಂತೆ ಪ್ಲೇಟಿನ ದಪ್ಪ ಕಳೆದು ಸ್ಕ್ರೂ ಆರಿಸಿ.

ಇನ್ನು ಶಕ್ತಿಯ ಮಾತು. ಈ ಗೇರ್‌ಬಾಕ್ಸುಗಳನ್ನು ವಿನ್ಯಾಸ ಮಾಡಿದ್ದು ಸಾಧಾರಣ 540 ಮೋಟಾರಿಗೆ, 7.2 ವೋಲ್ಟಿಗೆ. ಇನ್ನಷ್ಟು ಬೇಕೆಂದರೆ 23 ಟರ್ನಿನ (ಟರ್ನ್ ಎಂದರೆ ಒಳಗಿನ ತಂತಿಯ ಸುತ್ತು) ಸ್ಪೋರ್ಟ್ ಟ್ಯೂನ್ಡ್ ಬ್ರಷ್ ಮೋಟಾರು ಒಳ್ಳೆಯ ಮೆಟ್ಟಿಲು. ಬ್ರಷ್‌ಲೆಸ್ಸೇ ಬೇಕೆಂದರೆ ಸೆನ್ಸರ್ ಇರುವ 17.5 ಅಥವಾ 21.5 ಟರ್ನ್ ಹಾಕಿ, ಕಂಟ್ರೋಲರಿನಲ್ಲಿ ಆರಂಭದ ಎಳೆತವನ್ನು ಮೃದುವಿಗೆ ಇಡಿ. ಹಲ್ಲು ಮುರಿಯುವುದು ವೇಗದಿಂದಲ್ಲ, ನಿಂತ ಟ್ರಕ್ಕನ್ನು ಒಮ್ಮೆಲೇ ಎಳೆಯುವ ಹೊಡೆತದಿಂದ, ಹಾರಿ ಇಳಿಯುವಾಗ ಚಕ್ರ ನೆಲ ಕಚ್ಚುವ ಹೊಡೆತದಿಂದ. ಹಾರುವಾಗ ಥ್ರಾಟಲ್ ಬಿಡುವ ಅಭ್ಯಾಸ ಯಾವ ಬಿಡಿಭಾಗಕ್ಕಿಂತಲೂ ಹೆಚ್ಚು ಗೇರು ಉಳಿಸುತ್ತದೆ.

ಪ್ರಶ್ನೆ: ಹಳೆಯ ಮೆಕ್ಯಾನಿಕಲ್ ಸ್ಪೀಡ್ ಕಂಟ್ರೋಲರ್ ತೆಗೆದು ಎಲೆಕ್ಟ್ರಾನಿಕ್ ಹಾಕಬೇಕು. ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿ ಕೊಂಡೆ, ಅದು ಚಾಸಿಯ ಬ್ಯಾಟರಿ ತೊಟ್ಟಿಲಲ್ಲಿ ಕೂರುತ್ತಿಲ್ಲ.

ಉತ್ತರ: ಹಳೆಯ ಬ್ಯಾಟರಿ ಆರು ದುಂಡು ಸೆಲ್ಲುಗಳದ್ದು. ಅದಕ್ಕೆ ತಕ್ಕಂತೆ ಅನೇಕ ಟ್ರಕ್ಕುಗಳ ಬ್ಯಾಟರಿ ಜಾಗದ ತಳ ದುಂಡಗೆ ಇರುತ್ತದೆ. ಚೌಕ ಅಂಚಿನ ಲಿಪೊ ಅಲ್ಲಿ ಮೇಲೆಯೇ ನಿಲ್ಲುತ್ತದೆ. ಚಾಸಿಯನ್ನು ಕತ್ತರಿಸುವುದು ಬೇಡ. ದುಂಡು ಅಂಚಿನ ಗಟ್ಟಿ ಕವಚದ ಲಿಪೊ ಸಿಗುತ್ತದೆ, ಅದನ್ನು ತೆಗೆದುಕೊಳ್ಳಿ. ಇಲ್ಲದಿದ್ದರೆ ಚಿಕ್ಕ ಅಳತೆಯ ಪ್ಯಾಕ್ ಕೊಂಡು ಸುತ್ತ ಸ್ಪಾಂಜು ತುಂಬಿ. ನಿಕಲ್ ಮೆಟಲ್ ಹೈಡ್ರೈಡ್ ಪ್ಯಾಕಿಗೆ ಮರಳಿದರೂ ಏನೂ ನಷ್ಟವಿಲ್ಲ, ಹಳೆಯ ಟ್ರಕ್ಕಿಗೆ ಅದು ಚೆನ್ನಾಗಿಯೇ ಹೊಂದುತ್ತದೆ.

ಎರಡು ಸೆಲ್ಲಿನ ಲಿಪೊ ಪೂರ್ತಿ ತುಂಬಿದಾಗ 8.4 ವೋಲ್ಟ್. ಒಂದೊಂದು ಸೆಲ್ಲು 3.2 ವೋಲ್ಟಿಗಿಂತ ಕೆಳಗಿಳಿಯಬಾರದು. ಹಳೆಯ ಮೆಕ್ಯಾನಿಕಲ್ ಕಂಟ್ರೋಲರಿಗೆ ಅದನ್ನು ತಡೆಯುವ ಬುದ್ಧಿ ಇಲ್ಲ, ಆದ್ದರಿಂದ ಅದರ ಜೊತೆ ಲಿಪೊ ಹಾಕಲೇಬೇಡಿ. ಎಲೆಕ್ಟ್ರಾನಿಕ್ ಕಂಟ್ರೋಲರಿನಲ್ಲೂ ಲಿಪೊ ಆಯ್ಕೆ ಒತ್ತಿದ್ದೀರಾ ನೋಡಿಕೊಳ್ಳಿ. ಹಳೆಯ ಬಿಳಿ ಟಮಿಯಾ ಪ್ಲಗ್ಗು ಹೆಚ್ಚು ಕರೆಂಟಿಗೆ ಬಿಸಿಯಾಗಿ ಕರಗುತ್ತದೆ. ಅದರ ಬದಲು ಎಕ್ಸ್‌ಟಿ60 ಪ್ಲಗ್ಗು ಹಾಕಿ ಬೆಸುಗೆ ಮಾಡಿ.

ಹಳೆಯ ಸರ್ವೋ (ಚಕ್ರವನ್ನು ಎಡಬಲಕ್ಕೆ ತಿರುಗಿಸುವ ಚಿಕ್ಕ ಮೋಟಾರು ಪೆಟ್ಟಿಗೆ) ಉಳಿಸಿಕೊಳ್ಳುವ ಆಸೆಯಿದ್ದರೆ ತಂತಿಯ ಕ್ರಮ ಗಮನಿಸಿ. ಇಂದಿನ ರಿಸೀವರಿನಲ್ಲಿ ಪಾಸಿಟಿವ್ ತಂತಿ ನಡುವೆ ಇರುತ್ತದೆ. ಹಳೆಯ ಕೆಲವು ಸರ್ವೋಗಳಲ್ಲಿ ಅದು ಅಂಚಿನಲ್ಲಿದೆ. ಪ್ಲಗ್ಗು ಕೂತಿತೆಂದು ಕರೆಂಟು ಕೊಟ್ಟರೆ ಸರ್ವೋ ಸುಡುತ್ತದೆ. ಬ್ರಷ್ ಮೋಟಾರು ಉಳಿಸಿದರೆ ಮೂರು 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್‌ಗಳೂ ಉಳಿಯಲಿ: ಎರಡು ತುದಿಯ ನಡುವೆ ಒಂದು, ಪ್ರತಿ ತುದಿಯಿಂದ ಮೋಟಾರಿನ ಡಬ್ಬಿಗೆ ಒಂದೊಂದು.

ಪ್ರಶ್ನೆ: ನನ್ನದು 1987ರ ಟಮಿಯಾ ಕ್ಲಾಡ್ ಬಸ್ಟರ್ ಟ್ರಕ್ಕು. ಉಬ್ಬುತಗ್ಗಿನಲ್ಲಿ ತಾನೇ ಅತ್ತಿತ್ತ ತಿರುಗುತ್ತದೆ. ಆಕ್ಸಲ್ ಮೇಲೆಯೇ ಸರ್ವೋ ಕೂರಿಸುವ ಕಿಟ್ಟು ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಹೋಗುತ್ತದೆ. ಈ ಟ್ರಕ್ಕಿಗೆ ಹಾಕಬಹುದಾದ ಅತ್ಯುತ್ತಮ ಬಿಡಿಭಾಗ ಅದೇ. ಮೂಲದಲ್ಲಿ ಸರ್ವೋ ಚಾಸಿಯಲ್ಲಿದ್ದು, ಉದ್ದನೆಯ ಕಡ್ಡಿಗಳು ಮುಂದಿನ, ಹಿಂದಿನ ಆಕ್ಸಲುಗಳಿಗೆ ಹೋಗುತ್ತವೆ. ಆಕ್ಸಲು ಮೇಲೆ ಕೆಳಗೆ ಆದಾಗ ಕಡ್ಡಿ ಎಳೆದು ಚಕ್ರ ತಿರುಗುತ್ತದೆ. ಸರ್ವೋ ಆಕ್ಸಲಿನ ಜೊತೆಗೇ ಏರಿ ಇಳಿದರೆ ಆ ಎಳೆತ ಇರುವುದಿಲ್ಲ.

ಆ ದೊಡ್ಡ ಟೈರುಗಳನ್ನು ತಿರುಗಿಸಲು ಪ್ರತಿ ಆಕ್ಸಲಿಗೆ ಕನಿಷ್ಠ 10ರಿಂದ 15 ಕೆ.ಜಿ. ಸೆಂ.ಮೀ. ಬಲದ ಲೋಹದ ಗೇರಿನ ಸರ್ವೋ ಬೇಕು. ಸರ್ವೋ ತೋಳು ಕೊಳ್ಳುವಾಗ ಹಲ್ಲು ಎಣಿಸಿ: ಫುಟಾಬಾ 25, ಹೈಟೆಕ್ 24, ಸಾನ್ವಾ ಮತ್ತು ಕೆಒ 23. ತಪ್ಪಾದದ್ದನ್ನು ಒತ್ತಿ ಕೂರಿಸಿದರೆ ಸ್ವಲ್ಪ ದಿನದಲ್ಲೇ ಜಾರುತ್ತದೆ. ಇಂಥ ಎರಡು ಸರ್ವೋ ಒಟ್ಟಿಗೆ ತಿಣುಕಿದಾಗ ಕಂಟ್ರೋಲರಿನಿಂದ ರಿಸೀವರಿಗೆ ಬರುವ ವೋಲ್ಟೇಜು ಕುಸಿದು ಟ್ರಕ್ಕು ಕ್ಷಣಕಾಲ ಕೈತಪ್ಪುತ್ತದೆ. ಅವಕ್ಕೆ 5 ಆಂಪಿಯರಿಗೆ ಕಡಿಮೆಯಿಲ್ಲದ ಬೇರೆ ಬಿಇಸಿ (ಬ್ಯಾಟರಿಯಿಂದ ಸರ್ವೋ, ರಿಸೀವರಿಗೆ ಕರೆಂಟು ಕೊಡುವ ಸರ್ಕ್ಯೂಟು) ಕೊಡಿ, ಆಗ ಕಂಟ್ರೋಲರಿನಿಂದ ರಿಸೀವರಿಗೆ ಬರುವ ಕೆಂಪು ತಂತಿಯನ್ನು ಪ್ಲಗ್ಗಿನಿಂದ ಬಿಡಿಸಿ ಟೇಪು ಸುತ್ತಿ. ಹಿಂದಿನ ಸರ್ವೋವನ್ನು ವೈ ತಂತಿಯಿಂದ ಜೋಡಿಸುವ ಬದಲು ಮೂರನೆಯ ಚಾನೆಲ್ಲಿಗೆ ಕೊಟ್ಟು ಟ್ರಾನ್ಸ್‌ಮಿಟರಿನಲ್ಲಿ ಮಿಕ್ಸ್ ಮಾಡಿದರೆ ದಿಕ್ಕು, ಮಧ್ಯಬಿಂದು ಎರಡನ್ನೂ ಬೇರೆಯಾಗಿ ಹೊಂದಿಸಬಹುದು.

ಈ ಟ್ರಕ್ಕಿನ ಎರಡು ಮೋಟಾರುಗಳಿಗೆ ಒಂದೇ ಕಂಟ್ರೋಲರ್ ಆದರೆ ಅದು ಎರಡು ಮೋಟಾರಿಗೆ ಸಮ್ಮತಿಸಿರಬೇಕು, ಕರೆಂಟು ಎರಡರಷ್ಟು ಎಳೆಯುತ್ತದೆ. ಜೋಡಿಸಿದ ಮೇಲೆ ಚಕ್ರ ನೆಲ ತಾಗದಂತೆ ಎತ್ತಿಟ್ಟು ನಿಧಾನವಾಗಿ ಓಡಿಸಿ. ಮುಂದಿನ ಮತ್ತು ಹಿಂದಿನ ಚಕ್ರಗಳು ಎದುರು ದಿಕ್ಕಿಗೆ ತಿರುಗಿದರೆ ಒಂದು ಬ್ರಷ್ ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು.

ಪ್ರಶ್ನೆ: ಟಮಿಯಾದ ಲಂಚ್ ಬಾಕ್ಸ್ ವ್ಯಾನಿಗೆ ಆಯಿಲ್ ಶಾಕ್ ಹಾಕಿದರೂ ಹಿಂಭಾಗ ಕುಪ್ಪಳಿಸುತ್ತದೆ.

ಉತ್ತರ: ಅದರ ಹಿಂದಿನ ಮೋಟಾರು, ಗೇರ್‌ಬಾಕ್ಸು, ಆಕ್ಸಲು ಮೂರೂ ಒಂದೇ ಗಂಟಿನಂತೆ ಅಲ್ಲಾಡುತ್ತವೆ. ಥ್ರಾಟಲ್ ಕೊಟ್ಟಾಗ ಆ ಇಡೀ ಗಂಟು ಹಿಂದಕ್ಕೆ ಮಗುಚಲು ನೋಡುತ್ತದೆ. ನಿಂತ ಶಾಕ್‌ಗಳು ಮೇಲೆ ಕೆಳಗಿನ ಚಲನೆಯನ್ನು ತಡೆಯುತ್ತವೆ, ಈ ಮಗುಚುವಿಕೆಯನ್ನು ಅಷ್ಟಾಗಿ ತಡೆಯಲಾರವು. ಅದಕ್ಕೇ ಐದನೆಯ ಶಾಕ್ ಹಾಕುವ ರೂಢಿ ಬಂದಿದೆ: ಗೇರ್‌ಬಾಕ್ಸಿನ ಮೇಲ್ಭಾಗದಿಂದ ಚಾಸಿಗೆ ಹೆಚ್ಚುಕಡಿಮೆ ಅಡ್ಡಲಾಗಿ ಒಂದು ಚಿಕ್ಕ ಶಾಕ್. ನಾಲ್ಕು ಶಾಕ್‌ಗಳಿಗೆ 300ರಿಂದ 400 ಅಂಕದ ಸಿಲಿಕೋನ್ ಎಣ್ಣೆಯಿಂದ ಶುರುಮಾಡಿ, ಐದನೆಯದಕ್ಕೆ ಇನ್ನೂ ಗಟ್ಟಿ ಎಣ್ಣೆ. ಎಣ್ಣೆ ಹಾಕಿದ ಮೇಲೆ ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಬಂದು ಹೋಗುವವರೆಗೆ ಬಿಟ್ಟು, ಆಮೇಲೆ ಮುಚ್ಚಳ ಹಾಕಿ. ಮುಂಚಕ್ರ ಎತ್ತಿ ಓಡುವುದು ಮಾತ್ರ ಆ ವ್ಯಾನಿನ ಹುಟ್ಟುಗುಣ, ಅದನ್ನು ಯಾವ ಶಾಕೂ ಬಿಡಿಸುವುದಿಲ್ಲ, ಬಿಡಿಸಲೂಬಾರದು.

ಪ್ರಶ್ನೆ: ಚಾಸಿಯ ಸ್ಕ್ರೂ ತೂತುಗಳಲ್ಲಿ ಥ್ರೆಡ್ ಹೋಗಿದೆ. ಥ್ರೆಡ್‌ಲಾಕ್ ಹಾಕಿದರೆ ನಿಲ್ಲುತ್ತದೆಯೇ?

ಉತ್ತರ: ಹಾಕಲೇಬೇಡಿ. ಥ್ರೆಡ್‌ಲಾಕ್ ಲೋಹಕ್ಕೆ ಲೋಹ ಸೇರುವ ಕಡೆ ಮಾತ್ರ. ಎಬಿಎಸ್, ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿಗೆ ತಾಗಿದರೆ ಒಳಗೊಳಗೇ ಬಿರುಕು ಬಿಡಿಸುತ್ತದೆ. ಸೀಮೆಎಣ್ಣೆಯನ್ನೂ ಲೋಹದ ಭಾಗ ತೊಳೆಯಲು ಮಾತ್ರ ಬಳಸಿ, ಪ್ಲಾಸ್ಟಿಕ್ಕಿಗೆ ಸೋಪು ನೀರು ಸಾಕು.

ತೂತಿನ ಆಳ ಇನ್ನೂ ಉಳಿದಿದ್ದರೆ 10 ಮಿ.ಮೀ. ಸ್ಕ್ರೂ ಬದಲು 12 ಮಿ.ಮೀ. ಹಾಕಿದರೆ ಹೊಸ ಪ್ಲಾಸ್ಟಿಕ್ ಕಚ್ಚುತ್ತದೆ. ಆಳವಿಲ್ಲದಿದ್ದರೆ, ಎಬಿಎಸ್ ಚಾಸಿಯಾದರೆ, ಎಬಿಎಸ್ ಕಡ್ಡಿಯನ್ನು ಪ್ಲಾಸ್ಟಿಕ್ ಸಿಮೆಂಟಿನಿಂದ ತೂತಿಗೆ ತುಂಬಿ, ಒಂದು ದಿನ ಪೂರ್ತಿ ಒಣಗಲು ಬಿಟ್ಟು, 2.5 ಮಿ.ಮೀ. ಡ್ರಿಲ್ಲಿನಿಂದ ಕೈಯಲ್ಲೇ ಮತ್ತೆ ಕೊರೆಯಿರಿ. ನೈಲಾನ್ ಭಾಗಕ್ಕೆ ಈ ಸಿಮೆಂಟು ಹಿಡಿಯುವುದಿಲ್ಲ, ಅಲ್ಲಿ ಭಾಗವನ್ನೇ ಬದಲಿಸಬೇಕು.

ಇನ್ನುಳಿದ ತೂತುಗಳಾದರೂ ಉಳಿಯಲಿ: ಸ್ಕ್ರೂ ಮತ್ತೆ ಹಾಕುವಾಗ ಮೊದಲು ಹಿಮ್ಮುಖವಾಗಿ ಮೆಲ್ಲಗೆ ತಿರುಗಿಸಿ. ಹಳೆಯ ಥ್ರೆಡ್ ಸಿಕ್ಕಿದಾಗ ಸಣ್ಣದೊಂದು ಟಕ್ ಎಂದು ಕೈಗೆ ತಿಳಿಯುತ್ತದೆ. ಅಲ್ಲಿಂದ ಮುಂದಕ್ಕೆ ತಿರುಗಿಸಿ, ತಲೆ ಕೂತ ಕೂಡಲೇ ನಿಲ್ಲಿಸಿ. ಟಮಿಯಾ ಸ್ಕ್ರೂಗಳ ತಲೆ ಜಪಾನಿನ ಜೆಐಎಸ್ ಅಳತೆಯವು. ಮಾಮೂಲಿ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಿಂದ ಜಾರಿ ತಲೆಯನ್ನೇ ತಿನ್ನುತ್ತದೆ, ಜೆಐಎಸ್ 2ನೇ ನಂಬರಿನದು ಒಂದು ಇಟ್ಟುಕೊಳ್ಳಿ.

ಪ್ರಶ್ನೆ: ಹೊಸ ಚಕ್ರಗಳಿಗೆ 12 ಮಿ.ಮೀ. ಹೆಕ್ಸ್ ಅಡಾಪ್ಟರ್ (ಆಕ್ಸಲಿಗೆ ಚಕ್ರ ಕೂರಿಸುವ ಆರು ಮುಖದ ತುಂಡು) ಹಾಕಬಹುದೇ? ಹಳೆಯ ಟೈರು ಕಲ್ಲಿನಂತಾಗಿದೆ.

ಉತ್ತರ: ಹಾಕಬಹುದು, ಅಡಾಪ್ಟರಿನ ದಪ್ಪ ನೋಡಿಕೊಳ್ಳಿ. ದಪ್ಪ ಹೆಚ್ಚಾದಷ್ಟೂ ಚಕ್ರ ಹೊರಗೆ ಹೋಗಿ ಆಕ್ಸಲಿನ ಮೇಲೆ ಬಾಗುವ ಹೊರೆ ಹೆಚ್ಚುತ್ತದೆ, ಬಾಡಿಯ ಅಂಚಿಗೂ ತಾಗಬಹುದು. ನಟ್ಟು ಬಿಗಿದ ಮೇಲೆ ಆಕ್ಸಲಿನ ಥ್ರೆಡ್ ನಟ್ಟಿನ ನೈಲಾನ್ ಉಂಗುರದಿಂದ ಹೊರಗೆ ಕಾಣಬೇಕು. ಕಾಣದಿದ್ದರೆ ಅದು ಓಡುವಾಗ ಕಳಚಿಕೊಳ್ಳುತ್ತದೆ.

ಕಲ್ಲಾದ ಟೈರು ಯಾವ ಎಣ್ಣೆಗೂ ಮೆತ್ತಗಾಗುವುದಿಲ್ಲ. ಮೂಲ ರಿಮ್ಮು ಉಳಿಸಿಕೊಂಡು ಹೊಸ ಟೈರು ಹಾಕಿ. ಅಂಟು ಬಿಡಿಸಲು ಕುದಿಯುವ ನೀರಿನಲ್ಲಿ ಕೆಲವು ನಿಮಿಷ ಇಟ್ಟು ಅಂಚಿನಿಂದ ಎಳೆಯುತ್ತಾ ಬನ್ನಿ. ಅಸಿಟೋನ್ ಎಬಿಎಸ್ ರಿಮ್ಮನ್ನು ಕರಗಿಸುತ್ತದೆ, ಮಿರುಗುವ ಲೇಪದ ರಿಮ್ಮಿಗಂತೂ ಅದನ್ನು ಹತ್ತಿರವೂ ತರಬೇಡಿ. ತೆಗೆದ ಮೂಲ ಭಾಗಗಳನ್ನೆಲ್ಲ, ಸವೆದದ್ದನ್ನೂ ಸೇರಿಸಿ, ಹೆಸರು ಬರೆದ ಚೀಲಗಳಲ್ಲಿ ಇಡಿ. ಮುಂದೆ ಅಳತೆ ಹೋಲಿಸಲು ಅವೇ ಬೇಕಾಗುತ್ತವೆ.